ಹನ್ನೊಂದು ನಾಣ್ಯ, ಒಂದು ಸಾಲು

ಮಣ್ಣಿನಡಿಯಲ್ಲಿ ಸಾವಿರದ ಏಳುನೂರು ವರ್ಷ ಕೆಡದೆ ಉಳಿದಿದ್ದ ರೋಮನ್ ನಾಣ್ಯವೊಂದನ್ನು ನಾನು ಹುಣಸೆಹಣ್ಣು ಹಾಕಿ ತಿಕ್ಕಿ ಅರ್ಧ ಗಂಟೆಯಲ್ಲಿ ಕೆಡಿಸಿದೆ. ಆಗ ಕೆಲಸಕ್ಕೆ ಸೇರಿ ಹನ್ನೆರಡು ದಿನವಾಗಿತ್ತು.

ಯಾರೂ ಹೇಳಿ ಮಾಡಿಸಿದ್ದಲ್ಲ. ಕಂಚಿನ ನಾಣ್ಯ ಹಸಿರು ಹಿಡಿದಿತ್ತು, ರಾಜನ ಮುಖ ಸರಿಯಾಗಿ ಕಾಣುತ್ತಿರಲಿಲ್ಲ. ನಮ್ಮ ಕಟಪಾಡಿಯ ಮನೆಯಲ್ಲಿ ದೀಪ, ಚೆಂಬು ಎಲ್ಲವನ್ನೂ ಹುಣಸೆಹಣ್ಣಿನಲ್ಲೇ ಬೆಳಗುವುದು. ಮಾಲೀಕರು ಖುಷಿಪಡುತ್ತಾರೆ ಎಂದುಕೊಂಡು ಕುವೈತಿನ ನನ್ನ ಕೋಣೆಯಿಂದ ಒಂದು ಉಂಡೆ ತಂದು, ಕಚೇರಿಯ ಚಹಾ ಮಾಡುವ ಮೂಲೆಯಲ್ಲಿ ನಿಂತು ಚೆನ್ನಾಗಿ ತಿಕ್ಕಿದೆ. ನಾಣ್ಯ ಹೊಸ ತಾಮ್ರದ ಮುಚ್ಚಳದ ಹಾಗೆ ಹೊಳೆಯಿತು. ಆದರೆ ರಾಜನ ಮೂಗಿರಲಿಲ್ಲ. ಸುತ್ತ ಇದ್ದ ಅಕ್ಷರಗಳೂ ಹಸಿರಿನ ಜೊತೆಗೆ ಮೋರಿಗೆ ಹೋಗಿದ್ದವು.

ನನಗೆ ಕೆಲಸ ಕಲಿಸುತ್ತಿದ್ದ ಹಾಗೋಪ್ ಅದನ್ನು ನೋಡಿ ಕುರ್ಚಿಯಲ್ಲಿ ಕುಸಿದರು. ಅವರು ಅಲೆಪ್ಪೊದಿಂದ ಬಂದ ಆರ್ಮೇನಿಯನ್, ಅಕ್ಕಸಾಲಿಗರ ಮನೆತನದವರು, ಹಳೆಯ ನಾಣ್ಯಗಳ ವಿಷಯದಲ್ಲಿ ಇಡೀ ಕುವೈತಿನಲ್ಲಿ ಅವರ ಮಾತೇ ಕೊನೆ. ಎಲ್ಲರೂ ಅವರನ್ನು ಉಸ್ತಾದ್ ಎಂದೇ ಕರೆಯುತ್ತಿದ್ದರು. ಕನ್ನಡಕ ತೆಗೆದರು, ಒರೆಸಿದರು, ಮತ್ತೆ ಹಾಕಿಕೊಂಡು ನೋಡಿದರು. ಬೈಯಲಿಲ್ಲ. ಭಾಸ್ಕರನಾದ ನಾನು ಅವರ ಬಾಯಲ್ಲಿ ಬಾಸ್ಕರ್.

"ಬಾಸ್ಕರ್, ಇದು ಕೊಳೆಯಲ್ಲ, ಚರ್ಮ. ನೀನು ಚರ್ಮ ಸುಲಿದೆ."

ಅಂದಿನಿಂದ ನಿವೃತ್ತಿಯ ದಿನದವರೆಗೆ ನಾನು ಒಂದೇ ಒಂದು ನಾಣ್ಯವನ್ನೂ ತೊಳೆಯಲಿಲ್ಲ. ಅದೂ ತಪ್ಪೇ ಆಯಿತು. ಅದನ್ನು ಮುಂದೆ ಹೇಳುತ್ತೇನೆ.

ಇದನ್ನೆಲ್ಲ ಬರೆಯಲು ಕೂತದ್ದು ರಕ್ಷಿತಾಳ ಒತ್ತಾಯಕ್ಕೆ. ನನ್ನ ಜಾಗಕ್ಕೆ ಈಗ ಬಂದಿರುವ ಮಂಗಳೂರಿನ ಹುಡುಗಿ ಅವಳು, ಚರಿತ್ರೆಯಲ್ಲಿ ಎಂ.ಎ. ಮಾಡಿದವಳು. ಕಳೆದ ತಿಂಗಳು ಕುವೈತಿನ ರಿಗ್ಗೈಯ ನಮ್ಮ ಫ್ಲ್ಯಾಟಿಗೆ ಬಂದಿದ್ದಾಗ ಕೇಳಿದಳು: "ಅಂಕಲ್, ಕೆಲಸ ಎಂತದು ಅಂತ ಪುಸ್ತಕದಲ್ಲಿ ಉಂಟು. ಕೆಲಸ ಹೇಗಿರ್ತದೆ ಅಂತ ಎಲ್ಲಿಯೂ ಇಲ್ಲ. ನೀವು ಬರೀರಿ." ಹೆಂಡತಿ ಸುಮತಿ ಇನ್ನೂ ಆಸ್ಪತ್ರೆಯ ಕೆಲಸದಲ್ಲಿದ್ದಾಳೆ. ಅವಳ ವೀಸಾದ ಮೇಲೆ ನಾನು ಇಲ್ಲಿಯೇ ಉಳಿದಿದ್ದೇನೆ. ಹಗಲೆಲ್ಲ ಬಿಡುವು. ಬರೆಯದಿರಲು ನೆಪವಿರಲಿಲ್ಲ.

ನಾನು ಕುವೈತಿಗೆ ಬಂದದ್ದು ಟೈಪಿಸ್ಟ್ ಆಗಿ. ಕುವೈತ್ ನಗರದ ಮಿರ್ಕಾಬಿನಲ್ಲಿ ಕೈಗಡಿಯಾರ ಆಮದು ಮಾಡುವ ಕಚೇರಿ. ಮಾಲೀಕರು ಅಬು ನಾಸರ್, ನನ್ನ ವೀಸಾಕ್ಕೆ ಹೊಣೆಯಾದ ಕಫೀಲ್ ಕೂಡ ಅವರೇ. ಅವರಿಗೆ ಹಳೆಯ ನಾಣ್ಯಗಳ ಹುಚ್ಚು, ಅದರಲ್ಲೂ ರೋಮನ್ ನಾಣ್ಯಗಳದು. ಯುರೋಪಿನಲ್ಲಿ ರೈತರ ಅನುಮತಿ ಪಡೆದು, ಉತ್ತ ಹೊಲಗಳಲ್ಲಿ ಮೆಟಲ್ ಡಿಟೆಕ್ಟರ್ ಹಿಡಿದು ಹುಡುಕುವ ಹವ್ಯಾಸಿಗಳಿದ್ದಾರೆ. ಅವರಿಗೆ ಸಿಕ್ಕಿ, ಸರ್ಕಾರದಲ್ಲಿ ದಾಖಲಾಗಿ, ಮಾರಲು ಒಪ್ಪಿಗೆ ಪಡೆದ ನಾಣ್ಯಗಳನ್ನು ಅಬು ನಾಸರ್ ಹರಾಜಿನಲ್ಲಿ ಕೊಳ್ಳುತ್ತಿದ್ದರು. ಕಚೇರಿಯ ಹಿಂದಿನ ಕೋಣೆ ನಾಣ್ಯದ ಕೋಣೆಯಾಯಿತು. ಟೈಪ್ ಮಾಡುವವನು ಬೇಕಿತ್ತು, ನಾನು ಸಿಕ್ಕೆ.

ಕೆಲಸ ಹೀಗಿತ್ತು: ನಾಣ್ಯವನ್ನು ಅಂಚಿನಲ್ಲಿ ಹಿಡಿಯಬೇಕು, ಮುಖ ಮುಟ್ಟಬಾರದು. ಮೊದಲು ತೂಕ, ಆಮೇಲೆ ಅಡ್ಡಳತೆ. ಎದುರಿನ ಮುಖ ಯಾರದು, ಸುತ್ತ ಯಾವ ಅಕ್ಷರ ಓದಲು ಬರುತ್ತದೆ, ಬೆನ್ನಿನಲ್ಲಿ ಯಾವ ದೇವತೆ. ಎದುರಿನ ಮುಖ ನೆಟ್ಟಗಿಟ್ಟು ನಾಣ್ಯವನ್ನು ತಿರುಗಿಸಿದರೆ ಬೆನ್ನಿನ ಚಿತ್ರದ ತಲೆ ಎತ್ತ ಇರುತ್ತದೆ ಎಂಬುದನ್ನು ಗಡಿಯಾರದ ಮುಳ್ಳಿನ ಲೆಕ್ಕದಲ್ಲಿ ಬರೆಯಬೇಕು: ಹನ್ನೆರಡು ಗಂಟೆ, ಆರು ಗಂಟೆ, ಏಳು ಗಂಟೆ. ಕೊನೆಯಲ್ಲಿ ಎಲ್ಲಕ್ಕಿಂತ ದೊಡ್ಡದು: ಯಾರಿಗೆ ಸಿಕ್ಕಿತು, ಯಾವ ಜಾಗದಲ್ಲಿ, ಎಷ್ಟು ಆಳದಲ್ಲಿ, ಜೊತೆಗೆ ಇನ್ನೇನಿತ್ತು. ಸಿಕ್ಕ ಜಾಗ ಗೊತ್ತಿಲ್ಲದ ನಾಣ್ಯ ಊರು ಮರೆತ ಮುದುಕನಂತೆ ಎಂದು ಉಸ್ತಾದ್ ಹೇಳುತ್ತಿದ್ದರು. ಮುಖ ಇರುತ್ತದೆ, ಕೇಳಿದ್ದಕ್ಕೆ ಉತ್ತರ ಬರುವುದಿಲ್ಲ.

ಅವರು ಮಾಡಿಸಿದ್ದ ದಪ್ಪ ಕಾರ್ಡುಗಳಲ್ಲಿ ಕೆಳಗಡೆ ಎರಡು ಕಾಲಂ ಇದ್ದವು. ಎಡಕ್ಕೆ 'ಕಂಡದ್ದು', ಬಲಕ್ಕೆ 'ತೋಚಿದ್ದು'. ಎಡದ್ದನ್ನು ಬಲಕ್ಕೆ ಬರೆದರೆ ಸುಮ್ಮನಿರುತ್ತಿದ್ದರು. ಬಲದ್ದನ್ನು ಎಡಕ್ಕೆ ಬರೆದರೆ ಕಾರ್ಡನ್ನು ಹರಿದು ಹಾಕುತ್ತಿದ್ದರು.

ಒಮ್ಮೆ ನನ್ನ ತಟ್ಟೆಯಲ್ಲಿ ಅವರೇ ಒಂದು ಕಳ್ಳ ನಾಣ್ಯ ಸೇರಿಸಿಟ್ಟಿದ್ದರು. ನಾನು ಅದಕ್ಕೂ ಚಂದದ ಕಾರ್ಡು ಮಾಡಿದೆ. ಸಂಜೆ ಕಾರ್ಡು ಓದಿ, "ಸುಂದರವಾಗಿ ಬರೆದಿದ್ದೀಯ. ಇದನ್ನು ನಾನು ಹೋದ ವಾರ ಅಲೆಪ್ಪೊದಿಂದ ತಂದ ಅಚ್ಚಿನಲ್ಲಿ ಎರಕ ಹೊಯ್ದೆ," ಎಂದರು. ನಾನು ಮುಖ ನೋಡಿದ್ದೆ, ಅಂಚು ನೋಡಿರಲಿಲ್ಲ. ಅಂಚಿನಲ್ಲಿ ಎರಡು ಅಚ್ಚು ಕೂಡಿದ ಸಣ್ಣ ಗೆರೆಯಿತ್ತು. ರೋಮನ್ನರ ಹಾಗೆ ಸುತ್ತಿಗೆಯಿಂದ ಹೊಡೆದು ಮಾಡಿದ ನಾಣ್ಯಕ್ಕೆ ಆ ಗೆರೆ ಬರುವುದಿಲ್ಲ. ಒಂದೊಂದನ್ನೂ ಬೇರೆ ಬೇರೆಯಾಗಿ ಹೊಡೆದದ್ದರಿಂದ ಯಾವ ಎರಡು ನಾಣ್ಯವೂ ಪೂರ್ತಿ ಒಂದೇ ಥರ ಇರುವುದೂ ಇಲ್ಲ.

ಇನ್ನೊಂದು ಬೆರಗು ಹೇಳಬೇಕು, ಇದು ಒಳ್ಳೆಯದು. ಹರಾಜಿನಲ್ಲಿ ಬಂದ ಒಂದು ಚಿನ್ನದ ನಾಣ್ಯದಲ್ಲಿ ರಾಜನ ತಲೆಯ ಮೇಲ್ಗಡೆ ಅಕ್ಕಪಕ್ಕ ಎರಡು ತೂತು. ಪಟ್ಟಿಯಲ್ಲಿ 'ಹಾನಿಗೊಂಡದ್ದು' ಎಂದಿತ್ತು. ನಾನು ನೋಡಿದ ಕೂಡಲೇ ಹೇಳಿದೆ: "ಉಸ್ತಾದ್, ಇದು ಹಾನಿ ಅಲ್ಲ. ನಮ್ಮಲ್ಲಿ ಹೆಂಗಸರು ಕಾಸನ್ನು ದಾರದಲ್ಲಿ ಪೋಣಿಸಿ ಹಾಕಿಕೊಳ್ಳುತ್ತಾರೆ. ಒಂದು ತೂತಾದರೆ ಕಾಸು ತಿರುಗುತ್ತದೆ, ಎರಡಾದರೆ ಎದೆಯ ಮೇಲೆ ನೆಟ್ಟಗೆ ಕೂರುತ್ತದೆ." ಅವರು ಎದ್ದು ಕಪಾಟಿನಿಂದ ದಪ್ಪ ಗ್ರಂಥವೊಂದನ್ನು ತೆಗೆದು ಹುಡುಕಿದರು. ಅದರಲ್ಲಿ ಚಿತ್ರಸಮೇತ ಇತ್ತು: ದಕ್ಷಿಣ ಭಾರತದಲ್ಲಿ, ಕರ್ನಾಟಕದಲ್ಲಿಯೂ, ಸಿಕ್ಕ ಇಂಥ ಚಿನ್ನದ ನಾಣ್ಯಗಳಿಗೆ ಹೀಗೆಯೇ ಎರಡು ತೂತು. ನಮ್ಮ ಕಡೆಯ ಯಾವಳೋ ಒಬ್ಬಳ ಕೊರಳಲ್ಲಿದ್ದ ರಾಜ ಎಷ್ಟು ಕೈ ದಾಟಿ ಮಿರ್ಕಾಬಿನ ನನ್ನ ಮೇಜಿಗೆ ಬಂದಿದ್ದ! "ಬರಿ," ಎಂದರು ಉಸ್ತಾದ್. "ಆದರೆ ಬಲಗಡೆ ಬರಿ. ನಿನಗೆ ತೋಚಿದ್ದು ಅದು."

ಅವರ ಕಣ್ಣು ಮಂಜಾಗುತ್ತ ಬಂತು. ಕೆನಡಾದಲ್ಲಿದ್ದ ಮಗಳ ಮನೆಗೆ ಹೊರಟುಹೋದರು, ಮರುವರ್ಷವೇ ತೀರಿಕೊಂಡರು. ನಾಣ್ಯದ ಕೋಣೆಗೆ ನಾನೊಬ್ಬನೇ ಆದೆ. ಅದೇ ಹೊತ್ತಿಗೆ ಕಾರ್ಡುಗಳು ಹೋಗಿ ಕಂಪ್ಯೂಟರ್ ಬಂತು. ಫೋಟೊ, ತೂಕ, ಅಳತೆ ಎಲ್ಲವೂ ಒಂದೇ ಫಾರಂನಲ್ಲಿ. ಕೆಲಸ ಮೂರು ಪಟ್ಟು ಬೇಗವಾಯಿತು. ಆದರೆ ಫಾರಂ ಮಾಡಿಕೊಟ್ಟ ಎಂಜಿನಿಯರ್ ಕೆಳಗಡೆ ಎರಡು ಕಾಲಂ ಬದಲಿಗೆ 'ಷರಾ' ಎಂದು ಒಂದೇ ಚೌಕ ಇಟ್ಟಿದ್ದ. ನಾನು ಕೇಳಲಿಲ್ಲ. ನನಗೂ ಅದು ಅನುಕೂಲವೇ ಅನಿಸಿತು.

ಈಗ ಹುಸೇನಪ್ಪನವರ ವಿಷಯ. ರಕ್ಷಿತಾ, ನೀನು ಉಳಿದದ್ದೆಲ್ಲ ಮರೆತರೂ ಇದನ್ನು ಮರೆಯಬೇಡ.

ಇಲ್ಲಿ ಚಳಿಗಾಲದಲ್ಲಿ ಜನ ಮರುಭೂಮಿಯಲ್ಲಿ ಡೇರೆ ಹಾಕಿಕೊಂಡು ವಾರಗಟ್ಟಲೆ ಇರುತ್ತಾರೆ. ಚಳಿ ಮುಗಿದ ಮೇಲೆ ಮರಳಿನಲ್ಲಿ ಗೂಟ, ಮೊಳೆ, ತಂತಿ ಎಲ್ಲ ಉಳಿದು ವಾಹನಗಳ ಟಯರಿಗೆ, ಒಂಟೆಗಳ ಕಾಲಿಗೆ ಚುಚ್ಚುತ್ತವೆ. ಅದನ್ನು ತೆಗೆಯಲು ಗುತ್ತಿಗೆ ಕಂಪನಿಯ ಕೆಲಸಗಾರರು ಡಿಟೆಕ್ಟರ್ ಹಿಡಿದು ಬಿಸಿಲಲ್ಲಿ ಸಾಲಾಗಿ ನಡೆಯುತ್ತಾರೆ. ಅಂಥ ಒಂದು ಕಂಪನಿಯ ಫೋರ್‌ಮನ್ ಒಂದು ಬೆಳಿಗ್ಗೆ ಹಾಲಿನ ಪುಡಿಯ ಡಬ್ಬವೊಂದನ್ನು ತಂದು ನಮ್ಮ ಮೇಜಿನ ಮೇಲೆ ಕವುಚಿದ. ಹನ್ನೊಂದು ಬೆಳ್ಳಿ ನಾಣ್ಯಗಳು, ಮರಳಿನ ಹೆಪ್ಪುಗಟ್ಟಿದ ಕೊಳೆಯ ಸಮೇತ. ತನ್ನ ಕೆಲಸಗಾರನೊಬ್ಬನಿಗೆ ಸಿಕ್ಕಿದವು, ಮಾರಲು ತಂದಿದ್ದೇನೆ ಎಂದ.

ನಾನು ಒಂದನ್ನು ಎತ್ತಿದೆ. ಟ್ರಾಜನ್ ಚಕ್ರವರ್ತಿ. ಇನ್ನೊಂದು ಹೇಡ್ರಿಯನ್. ಕುವೈತಿನ ಮರಳಿನಲ್ಲಿ ರೋಮಿನ ಬೆಳ್ಳಿ! ಹಿಂದೆ ಈ ಕೊಲ್ಲಿಯಲ್ಲಿ ಹಡಗುಗಳು ಓಡಾಡಿದ್ದವು, ಬರಲು ಸಾಧ್ಯವಿಲ್ಲದ್ದೇನೂ ಅಲ್ಲ. ಅಬು ನಾಸರ್ ಒಳಗಿನಿಂದ ಬಂದು ನೋಡಿ, ಒಂದು ಕ್ಷಣವೂ ಯೋಚಿಸದೆ ಹೇಳಿದರು: "ಇಲ್ಲಿನ ಮಣ್ಣಿನಲ್ಲಿ ಸಿಕ್ಕಿದ್ದು ದೇಶದ್ದು. ಮಾರುವ ಮಾತೇ ಇಲ್ಲ. ಪುರಾತತ್ವ ಇಲಾಖೆಗೆ ಫೋನ್ ಮಾಡು. ಬಾಸ್ಕರ್, ನೀನು ವರದಿ ಬರಿ." ಅವರು ಮಾಡಿದ್ದು ನ್ಯಾಯವಾದದ್ದು.

ವರದಿ ಬರೆದವನು ನಾನು. ಸಿಕ್ಕ ಜಾಗ, ಆಳ ಎಲ್ಲವನ್ನೂ ಫೋರ್‌ಮನ್ನನ್ನು ಕೇಳಿ ತುಂಬಿಸಿದೆ. ಅವನು "ಒಂದೇ ಗುಂಡಿಯಲ್ಲಿ ಇದ್ದವು" ಎಂದ. ಸಿಕ್ಕಿದ್ದು ಅವನಿಗಲ್ಲ ಎಂಬುದು ಗೊತ್ತಿದ್ದೂ, ಸಿಕ್ಕವನು ಎಲ್ಲಿದ್ದಾನೆ ಎಂದು ನಾನು ಕೇಳಲಿಲ್ಲ. ತೂಕ ಸ್ವಲ್ಪ ಕಡಿಮೆ ಬಂತು, ಸವೆದಿರಬೇಕು ಎಂದುಕೊಂಡೆ. ಅಂಚಿಗೆ ಕೊಳೆ ಮೆತ್ತಿತ್ತು. ತೊಳೆಯಬಾರದು ಎಂಬ ಪಾಠವನ್ನು ನಾನು ಅತಿಯಾಗಿ ಕಲಿತಿದ್ದೆನಲ್ಲ, ಒಂದು ಮೆತ್ತನೆಯ ಬ್ರಷ್ಷನ್ನೂ ಆಡಿಸಲಿಲ್ಲ. ಕೊನೆಗೆ ಷರಾದ ಚೌಕ ಖಾಲಿ ಕಾಣಿಸಿತು. ಅದರಲ್ಲಿ ಇಂಗ್ಲಿಷಿನಲ್ಲಿ ಟೈಪ್ ಮಾಡಿದೆ:

'ಇವು ದೊಡ್ಡ ನಿಧಿಯೊಂದರ ಭಾಗವಾಗಿರಬಹುದು. ಉಳಿದವನ್ನು ಮೊದಲೇ ತೆಗೆದಿರಬಹುದು.'

ಬರೆದಾಗ ಬಹಳ ಸಂತೋಷವಾಯಿತು. ವಿದ್ವಾಂಸರು ಬರೆಯುವುದು ಹೀಗೆಯೇ. ವರದಿಗೆ ಅಬು ನಾಸರ್ ಸಹಿ ಹಾಕಿದರು. ನನ್ನ ಹೆಸರು ಎಲ್ಲಿಯೂ ಇರಲಿಲ್ಲ. ಆ ದಿನ ಅದಕ್ಕೆ ಸ್ವಲ್ಪ ಬೇಸರವೂ ಆಗಿತ್ತು.

ಎಂಟನೆಯ ದಿನ ಇಲಾಖೆಯ ಅಧಿಕಾರಿ ಮರ್ಯಮ್ ಎಂಬವರು ಫೋನ್ ಮಾಡಿದರು. ನಾಣ್ಯ ಸಿಕ್ಕ ಕೆಲಸಗಾರನನ್ನು ಪೊಲೀಸರು ವಿಚಾರಣೆಗೆ ಇಟ್ಟುಕೊಂಡಿದ್ದಾರೆ, ಅವನಿಗೆ ಅರಬ್ಬಿ ಬರುವುದಿಲ್ಲ, ಹಿಂದಿಯೂ ಅಷ್ಟಕ್ಕಷ್ಟೆ. "ಅವನ ಭಾಷೆ ಕೆನಡಿ ಅಂತೆ. ಕೆನಡಾದವನಂತೂ ಅಲ್ಲ. ನಿಮ್ಮಲ್ಲಿ ಯಾರಿಗಾದರೂ ತಿಳಿಯುತ್ತದೆಯೇ?" ನಾನು ನಕ್ಕೆ. ಅದು ಕನ್ನಡ, ನನ್ನದೂ ಅದೇ ಎಂದೆ. ನಗುತ್ತಲೇ ಟ್ಯಾಕ್ಸಿ ಹತ್ತಿದೆ.

ಠಾಣೆಯ ಕೋಣೆಯಲ್ಲಿ ನಲವತ್ತು ದಾಟಿದ ಸಪೂರ ಮನುಷ್ಯರೊಬ್ಬರು ಕಂಪನಿಯ ಕಿತ್ತಳೆ ಅಂಗಿಯಲ್ಲೇ ಕೂತಿದ್ದರು. ಹಿಮ್ಮಡಿ ಒಡೆದು ಸೀಳಾಗಿತ್ತು. ನಾನು "ನಮಸ್ಕಾರ" ಅಂದದ್ದೇ ತಡ, ಎದ್ದು ನಿಂತು ನನ್ನ ಕೈ ಹಿಡಿದರು.

"ನೀವು ನಮ್ಮವರೇನ್ರಿ ಸರ?"

"ಹೌದು, ಉಡುಪಿ ಕಡೆ."

"ಯಾವ ಕಡೆ ಆದ್ರೇನ್ ಬಿಡ್ರಿ, ಮಾತು ತಿಳೀತದಲ್ಲ. ನಾ ಹುಸೇನಪ್ಪ, ಸಿಂಧನೂರು ಹಂತ್ಯಾಕ. ಇವರು ಏನ್ ಕೇಳಾಕತ್ಯಾರಂತ ಐದು ದಿನ ಆತು, ನನಗ ತಿಳಿವಲ್ದು."

ಪೊಲೀಸ್ ಅಧಿಕಾರಿ ಚಿಕ್ಕ ವಯಸ್ಸಿನವರು, ಸೌಜನ್ಯದವರು. ನನಗೆ ಚಹಾ ತರಿಸಿದರು. ಆಮೇಲೆ ಒಂದು ಕಾಗದವನ್ನು ಮುಂದೆ ತಳ್ಳಿ, ಹಳದಿ ಗೆರೆ ಎಳೆದಿದ್ದ ಸಾಲಿನ ಮೇಲೆ ಬೆರಳಿಟ್ಟರು. "ಇದನ್ನು ಕೇಳಿ."

ನನ್ನ ವರದಿಯ ಅರಬ್ಬಿ ಅನುವಾದ ಅದು. ಇಷ್ಟು ವರ್ಷದಲ್ಲಿ ಅರಬ್ಬಿ ಓದುವಷ್ಟು ಕಲಿತಿದ್ದೆ. ಹಳದಿ ಗೆರೆಯ ಕೆಳಗೆ ಇದ್ದದ್ದು ನನ್ನದೇ ಕೊನೆಯ ಸಾಲು. ಆದರೆ ಅನುವಾದದಲ್ಲಿ 'ಇರಬಹುದು' ಬಿದ್ದುಹೋಗಿತ್ತು. 'ಉಳಿದವನ್ನು ಮೊದಲೇ ತೆಗೆಯಲಾಗಿದೆ' ಎಂದಿತ್ತು.

ಚಹಾದ ಲೋಟ ಕೆಳಗಿಟ್ಟೆ. 'ಇದು ನಾನು ಬರೆದದ್ದು, ಇದು ನನ್ನ ಊಹೆ' ಎಂದು ಹೇಳಬೇಕಿತ್ತು. ಎರಡೇ ಮಾತು. ಇಲ್ಲಿ ಇರಲು ಬೇಕಾದ ಪರವಾನಗಿ ಇಕಾಮಾ ನೆನಪಾಯಿತು, ಅಬು ನಾಸರ್ ಹಾಕಿದ ಸಹಿ ನೆನಪಾಯಿತು, ಇಲ್ಲಿ ಶಾಲೆಗೆ ಹೋಗುತ್ತಿದ್ದ ಮಗಳು ನೆನಪಾದಳು. ನನ್ನ ಬಾಯಿಂದ ಬಂದದ್ದು ಬೇರೆ.

"ಹುಸೇನಪ್ಪನವರೇ, ಉಳಿದ ನಾಣ್ಯ ಎಲ್ಲಿ ಅಂತ ಕೇಳ್ತಿದ್ದಾರೆ."

"ಉಳಿದದ್ದು ಅಂದ್ರ? ಹನ್ನೊಂದ ಇದ್ದುವ್ರಿ. ಫೋರ್‌ಮನ್ ಕೈಯಾಗ ಹನ್ನೊಂದೂ ಕೊಟ್ಟೀನಿ."

ಅಧಿಕಾರಿ ಮತ್ತೆ ಕೇಳಿದರು, ನಾನು ಮತ್ತೆ ಕೇಳಿದೆ. ಬೇರೆ ಬೇರೆ ರೀತಿಯಲ್ಲಿ ಆರು ಸಲ. ಆರು ಸಲವೂ ಹನ್ನೊಂದು. ಕೊನೆಗೆ ಅಧಿಕಾರಿ, ಗುಂಡಿ ಎಷ್ಟು ಆಳವಿತ್ತು ಎಂದು ಕೇಳಿದರು.

"ಗುಂಡಿ ಎಲ್ಲಿ ಬಂತ್ರಿ? ನಾಕು ಹೆಜ್ಜಿಗೊಂದು, ಐದು ಹೆಜ್ಜಿಗೊಂದು ಇದ್ದುವು. ಮ್ಯಾಲ ಮ್ಯಾಲೇ. ಬಟ್ಟು ಆಡಿಸಿದ್ರ ಸಿಗ್ತಿದ್ದುವು. ಅಲ್ಲೇ ಹುಡುಗರು ಆಡೋ ಪ್ಲಾಸ್ಟಿಕ್ ಸಲಿಕಿ ಒಂದು ಬಿದ್ದಿತ್ತು, ಕೆಂಪಂದು. ಅದು ಕಬ್ಬಿಣ ಅಲ್ಲ ಅಂತ ಅಲ್ಲೇ ಬಿಟ್ಟೆ."

ನಾನು ಅದನ್ನು ಅರಬ್ಬಿಯಲ್ಲಿ ಹೇಳಿದೆ. ನಾಲ್ಕು ಹೆಜ್ಜೆಗೊಂದು, ಬೆರಳಿನ ಆಳ, ಮಕ್ಕಳ ಸಲಿಕೆ. ಹೂತಿಟ್ಟ ನಿಧಿ ಹಾಗಿರುವುದಿಲ್ಲ. ಅಧಿಕಾರಿ ಸಲಿಕೆಯ ಮಾತನ್ನು ಬರೆದುಕೊಳ್ಳಲಿಲ್ಲ. ಅವರಿಗೆ ಅದು ಬೇಡದ ವಿವರ. ನನಗೆ ಮಾತ್ರ ಗೊತ್ತಿತ್ತು, ಎಲ್ಲವೂ ಅದರಲ್ಲಿದೆ ಎಂದು. ನಾನು ಮೊದಲ ದಿನವೇ ಇವರನ್ನು ಕರೆಸಿ ಐದು ನಿಮಿಷ ಕೇಳಿದ್ದರೆ ಸಾಕಿತ್ತು.

ಕಚೇರಿಗೆ ಓಡಿದೆ. ಫೋಟೊಗಳನ್ನು ಪರದೆಯ ಮೇಲೆ ಒಂದರ ಪಕ್ಕ ಒಂದು ಇಟ್ಟೆ. ಟ್ರಾಜನ್ ಇದ್ದವು ಮೂರು. ಮೂರರಲ್ಲೂ ಕಿವಿಯ ಕೆಳಗೆ ಒಂದು ಸಣ್ಣ ಗೀರು. ಒಂದೇ ಜಾಗ, ಒಂದೇ ಉದ್ದ, ಒಂದೇ ಓರೆ. ಸುತ್ತಿಗೆಯಿಂದ ಹೊಡೆದ ಮೂರು ನಾಣ್ಯ ಮೂರು ಕಡೆ ಅಲೆದು ಮೂರಕ್ಕೂ ಒಂದೇ ಗೀರು ಬೀಳಲು ಸಾಧ್ಯವೇ ಇಲ್ಲ. ಒಂದು ಅಸಲಿಯಿಂದ ಅಚ್ಚು ತೆಗೆದು ಎರಕ ಹೊಯ್ದ ಆಟಿಕೆಗಳು ಅವು. ಬೆನ್ನಿನ ಚಿತ್ರದ ದಿಕ್ಕೂ ಮೂರಕ್ಕೂ ಒಂದೇ. ನಾನೇ ಮೂರು ಸಲ ಅದೇ ಅಂಕಿ ಟೈಪ್ ಮಾಡಿದ್ದೆ. ಟೈಪ್ ಮಾಡಿದ ಕೈ ನನ್ನದೇ ಎಂದು ನಂಬಲಾಗದೆ ಬೆರಳುಗಳನ್ನು ನೋಡಿಕೊಂಡೆ.

ಮನೆಗೆ ಹೋದಾಗ ಸುಮತಿ ಬಾಗಿಲು ತೆಗೆದವಳೇ ನಿಂತಳು. "ಎಂತ ಆಯ್ತು ಮಾರಾಯ್ರೆ? ಮುಖ ಬೂದಿ ಆಗಿದೆಯಲ್ಲ." ನಾನು ಎಲ್ಲವನ್ನೂ ಹೇಳಿದೆ. ಅವಳು ಹೇಳಿದಳು: "ನಮ್ಮ ವಾರ್ಡಿನಲ್ಲಿ ಮದ್ದು ತಪ್ಪಿ ಕೊಟ್ಟರೆ ಮೊದಲು ಮಾಡುವ ಕೆಲಸ ಡಾಕ್ಟರಿಗೆ ಹೇಳುವುದು. ಅಳುವುದು, ನಡುಗುವುದು ಎಲ್ಲ ಮತ್ತೆ. ನಾಳೆ ಹೋಗಿ ಹೇಳಿ. ಕೆಲಸ ಹೋದರೆ ಹೋಗಲಿ, ನನ್ನದು ಉಂಟಲ್ಲ."

ಮರುದಿನ ಗುರುವಾರ. ಅಬು ನಾಸರ್ ಕಾಫಿ ಕುಡಿಯುತ್ತಿದ್ದರು. ಆ ವೇಳೆಗೆ ಅವರು ತಮ್ಮ ದಿವಾನಿಯಾ ಎಂಬ ಹರಟೆಯ ಕೋಣೆಯಲ್ಲಿ ಗೆಳೆಯರಿಗೆಲ್ಲ ರೋಮಿನ ಬೆಳ್ಳಿಯ ಸುದ್ದಿ ಹೇಳಿಯಾಗಿತ್ತು. ನಾನು ನಿಂತೇ ಹೇಳಿದೆ: "ಅವು ನಕಲಿ. ನಾನು ತಪ್ಪಿದೆ. ಆ ಮನುಷ್ಯ ನಿರಪರಾಧಿ."

ಅವರು ಕಪ್ಪನ್ನು ಕೆಳಗಿಟ್ಟರು. "ಖಚಿತವೇ?"

"ಖಚಿತ."

"ಹೋದ ವಾರವೂ ಖಚಿತವಾಗಿತ್ತು."

ಇಷ್ಟು ವರ್ಷದಲ್ಲಿ ಯಾರೂ ನನಗೆ ಇದಕ್ಕಿಂತ ದೊಡ್ಡ ಪೆಟ್ಟು ಕೊಟ್ಟಿಲ್ಲ. ಅವರು ಕಿಟಕಿಯ ಕಡೆ ತಿರುಗಿ ಕೂತರು. ಆಮೇಲೆ ಅವರೇ ಎದ್ದು ಕಾರಿನ ಕೀ ತೆಗೆದುಕೊಂಡರು. "ಸಹಿ ನನ್ನದು. ಯಲ್ಲಾ, ನಡೆ."

ಇಲಾಖೆಯಲ್ಲಿ ಮರ್ಯಮ್ ನಾಣ್ಯಗಳ ಪೊಟ್ಟಣ ತಂದು ಬಿಳಿ ಬಟ್ಟೆಯ ಮೇಲೆ ಹರಡಿದರು. ನಾನು ಗೀರು ತೋರಿಸಿದೆ. ಅವರು ಭೂತಗನ್ನಡಿ ಹಿಡಿದು ಮೂರನ್ನೂ ನೋಡಿದರು, ಮತ್ತೊಮ್ಮೆ ನೋಡಿದರು. ಒಂದು ನಾಣ್ಯವನ್ನು ಒಂದು ಗೇಣು ಎತ್ತರದಿಂದ ಮರದ ಮೇಜಿನ ಮೇಲೆ ಬಿಡಲು ಅನುಮತಿ ಕೇಳಿದೆ. ಅವರು ತಾವೇ ಬಿಟ್ಟರು. ಬೆಳ್ಳಿಯಾದರೆ ಠಣ್ ಎಂದು ಸ್ವರ ಉಳಿಯಬೇಕು. ಇದು ಟಪ್ ಎಂದು ಬಿದ್ದು ಸುಮ್ಮನಾಯಿತು, ಅಂಗಿಯ ಗುಂಡಿ ಬಿದ್ದ ಹಾಗೆ. ಮರ್ಯಮ್ ಮೆತ್ತನೆಯ ಬ್ರಷ್ಷಿನಿಂದ ಇನ್ನೊಂದರ ಅಂಚನ್ನು ಉಜ್ಜಿದರು. ಕೊಳೆ ಉದುರಿತು. ಅಲ್ಲಿ ಇಂಗ್ಲಿಷಿನ 'ಕಾಪಿ' ಎಂಬ ನಾಲ್ಕು ಅಕ್ಷರ ಒತ್ತಲಾಗಿತ್ತು, ಸಾಸಿವೆಯಷ್ಟು ಸಣ್ಣದಾಗಿ.

"ಬ್ರಷ್ ಆಡಿಸಿರಲಿಲ್ಲವೇ?" ಎಂದು ಕೇಳಿದರು ಮರ್ಯಮ್.

"ಇಲ್ಲ."

ಅಲ್ಲೇ ಕೂತು ಕಾಗದ ಬರೆದೆ. ಈ ಸಲ ಷರಾ ಇರಲಿಲ್ಲ, ಬೇರೆಯವರ ಸಹಿಯೂ ಇರಲಿಲ್ಲ. ವರದಿ ಬರೆದವನು ನಾನು, ಕೊನೆಯ ಸಾಲು ಬರೀ ಊಹೆ, ಅದಕ್ಕೆ ಆಧಾರವಿರಲಿಲ್ಲ, ಸಿಕ್ಕವರನ್ನು ನಾನು ಕೇಳಲಿಲ್ಲ ಎಂದು ಬರೆದು ಸಹಿ ಹಾಕಿದೆ. ಅದು ಠಾಣೆ ತಲುಪುವಷ್ಟರಲ್ಲಿ ಕಚೇರಿಯ ವೇಳೆ ಮುಗಿದಿತ್ತು. ಶುಕ್ರ, ಶನಿ ರಜೆ. ನನ್ನ ಒಂದು ಸಾಲಿಗೆ ಹುಸೇನಪ್ಪ ಇನ್ನೂ ಎರಡು ದಿನ ಒಳಗಿದ್ದರು. ಆ ಎರಡು ದಿನ ನಾನು ರಿಗ್ಗೈಯಿಂದ ಠಾಣೆಯವರೆಗೆ ನಾಲ್ಕು ಸಲ ಹೋಗಿ ಬಂದೆ. ಹೊರಗೆ ನಿಂತು ಬರುವುದಲ್ಲದೆ ಮಾಡಲು ಬೇರೇನೂ ಇರಲಿಲ್ಲ.

ಆಮೇಲೆ ಮರ್ಯಮ್ ಆ ಜಾಗದಲ್ಲಿ ಡೇರೆ ಹಾಕಿದ್ದ ಕುಟುಂಬವನ್ನು ಹುಡುಕಿದರು. ಆ ತಾಯಿ ಗಾಬರಿಯಲ್ಲಿ ಹೇಳಿದರಂತೆ: ಮಗನ ಹುಟ್ಟುಹಬ್ಬಕ್ಕೆ ನಿಧಿ ಹುಡುಕುವ ಆಟ ಆಡಿಸಿದ್ದೆವು. ವಿದೇಶದ ಅಂಗಡಿಯಿಂದ ತಂದ ಇಪ್ಪತ್ತು ನಾಣ್ಯ ಹೂತಿದ್ದೆವು. ಮಕ್ಕಳಿಗೆ ಸಿಕ್ಕಿದ್ದು ಒಂಬತ್ತು.

ಇಪ್ಪತ್ತರಲ್ಲಿ ಒಂಬತ್ತು ಕಳೆದರೆ ಎಷ್ಟೆಂದು ನಾನು ಬಿಡಿಸಿ ಹೇಳಬೇಕಿಲ್ಲ.

ನನಗೆ ಏನಾಯಿತು ಎಂದು ರಕ್ಷಿತಾ ಕೇಳಿದಳು. ಅಬು ನಾಸರ್ ನನ್ನನ್ನು ಕೆಲಸದಿಂದ ತೆಗೆಯಲಿಲ್ಲ. ಮೂರು ವಾರ ಮಾತಾಡಲಿಲ್ಲ. ಆಮೇಲೆ ಬಂದು, ಫಾರಂನಲ್ಲಿ ಉಸ್ತಾದರ ಎರಡು ಕಾಲಂ ಮತ್ತೆ ಹಾಕಿಸು ಎಂದಷ್ಟೇ ಹೇಳಿದರು. ಹುಸೇನಪ್ಪನವರ ಕಂಪನಿಗೆ ಅವರೇ ಖುದ್ದು ಹೋಗಿ ಹೇಳಿದರು. ಆದರೆ ಕಂಪನಿಯವರು ಕಳ್ಳತನದ ಆರೋಪ ಬಂದ ದಿನವೇ ವೀಸಾ ರದ್ದು ಮಾಡಿಸಿದ್ದರು, ಹಿಂದೆಗೆಯಲು ಒಪ್ಪಲಿಲ್ಲ. ನಾನೇ ಹೊಸ ವೀಸಾ ಕೊಡುತ್ತೇನೆ ಎಂದರು ಅಬು ನಾಸರ್. ಹುಸೇನಪ್ಪ "ನೋಡೂಣ್ರಿ" ಅಂದರು. ಬರಲಿಲ್ಲ. ಈಗ ಸಿಂಧನೂರಿನ ಅಕ್ಕಿ ಗಿರಣಿಯಲ್ಲಿ ಕೆಲಸಕ್ಕಿದ್ದಾರೆ ಎಂದು ಅವರ ಜೊತೆಗಾರರೊಬ್ಬರಿಂದ ತಿಳಿಯಿತು.

ಅವರು ಊರಿಗೆ ಹೊರಡುವ ದಿನ ಮಧ್ಯಾಹ್ನ ನಾನು ಮೀನಾ ಅಬ್ದುಲ್ಲಾ ಎಂಬಲ್ಲಿದ್ದ ಅವರ ಕೆಲಸಗಾರರ ಕ್ಯಾಂಪಿಗೆ ಹೋದೆ. ಊರಲ್ಲಿ ಯಾರಾದರೂ ಕಳ್ಳತನದ ಮಾತೆತ್ತಿದರೆ ತೋರಿಸಲು ಇರಲಿ ಎಂದು ಇಲಾಖೆಗೆ ಕೊಟ್ಟ ಆ ಕಾಗದವನ್ನು ಕನ್ನಡದಲ್ಲಿಯೂ ಬರೆದು ಒಯ್ದಿದ್ದೆ. ಉದ್ದನೆಯ ಕೋಣೆ, ಎರಡಂತಸ್ತಿನ ಮಂಚಗಳು, ಎಲ್ಲರೂ ಕೆಲಸಕ್ಕೆ ಹೋಗಿದ್ದರು. ಹುಸೇನಪ್ಪ ನೆಲದಲ್ಲಿ ಕೂತು ಒಂದು ರಟ್ಟಿನ ಪೆಟ್ಟಿಗೆಗೆ ಹಗ್ಗ ಸುತ್ತುತ್ತಿದ್ದರು. ನನ್ನನ್ನು ನೋಡಿ ನಕ್ಕರು. "ನಮ್ಮ ಮಾತಿನ ಸರ ಬಂದ್ರು," ಎಂದು ಮಂಚದ ಮೇಲೆ ಜಾಗ ಮಾಡಿಕೊಟ್ಟರು.

ಕಾಗದ ಕೊಟ್ಟೆ. ಅಕ್ಷರದ ಕೆಳಗೆ ಬೆರಳಿಟ್ಟು ನಿಧಾನವಾಗಿ ಓದಿದರು. ನಡುವೆ ಬೆರಳು ನಿಂತಿತು.

"ಇದರಾಗ 'ನಾನು' ಅಂತ ಬರದೈತಲ್ಲ, ಅದು ಯಾರ್ರಿ?"

"ನಾನೇ."

ಅವರು ತಲೆಯೆತ್ತಿ ನನ್ನನ್ನು ನೋಡಿದರು. ಸಿಟ್ಟಿರಲಿಲ್ಲ. ದಾರಿಯಲ್ಲಿ ನಡೆಯುತ್ತಿದ್ದವನು ಗೋಡೆಗೆ ಹಣೆ ಬಡಿದುಕೊಂಡ ಹಾಗಿತ್ತು ಆ ಮುಖ.

"ಅವತ್ತು ನನ್ನ ಎದುರಿಗೇ ಕುಂತಿದ್ರಿ. ಉಳಿದದ್ದೆಲ್ಲಿ, ಉಳಿದದ್ದೆಲ್ಲಿ ಅಂತ ಎಷ್ಟು ಸಲ ಕೇಳಿದ್ರಿ. ಆವಾಗ ಯಾಕ ಹೇಳ್ಲಿಲ್ರಿ?"

ಏನೇನೋ ಹೇಳಬಹುದಿತ್ತು. ಇಕಾಮಾ, ಮಗಳು, ಅನುವಾದದಲ್ಲಿ ಬಿದ್ದುಹೋದ ಮಾತು.

"ಹೆದರಿದೆ," ಎಂದೆ.

"ನಾನೂ ಹೆದರಿದ್ನಿರಿ," ಎಂದರು ಹುಸೇನಪ್ಪ. "ಆದ್ರೂ ಹನ್ನೊಂದಕ್ಕ ಹನ್ನೊಂದೇ ಅಂದೆ."

ಕಾಗದವನ್ನು ನಾಲ್ಕು ಮಡಿಕೆ ಮಾಡಿ ಪಾಸ್‌ಪೋರ್ಟಿನೊಳಗೆ ಇಟ್ಟರು. ಮತ್ತೆ ಪೆಟ್ಟಿಗೆಯ ಮುಂದೆ ಕೂತು ಹಗ್ಗವನ್ನು ಎರಡು ಸುತ್ತು ಎಳೆದರು. ಒಬ್ಬರ ಕೈಯಲ್ಲಿ ಗಂಟು ನಿಲ್ಲುತ್ತಿರಲಿಲ್ಲ, ಬಿಟ್ಟರೆ ಸಡಿಲವಾಗುತ್ತಿತ್ತು. ಎರಡು ಸಲ ಕಟ್ಟಿ ನೋಡಿದರು. ಆಮೇಲೆ ನನ್ನ ಕಡೆ ತಿರುಗದೆ ಹೇಳಿದರು:

"ಇಲ್ಲಿ ಒಂದು ಬಟ್ಟು ಇಡ್ರಿ."

ನಾನು ನೆಲಕ್ಕಿಳಿದು ಗಂಟಿನ ಮೇಲೆ ಬೆರಳಿಟ್ಟೆ. ಅವರು ಎಳೆದು ಬಿಗಿದರು.